ಬಣ್ಣ ಸೋರಿತು ಮಿಸ್

ನಾನು ಡ್ರಾಯಿಂಗ್ ಟೀಚರ್. ಆಗಿದ್ದೆ ಅನ್ನಬೇಕು, ಹೋದ ವರ್ಷ ರಿಟೈರ್ ಆದೆ. ಹಾಸನ ಜಿಲ್ಲೆಯಲ್ಲೇ ಮೂರು ಸರ್ಕಾರಿ ಹೈಸ್ಕೂಲು ಸೇರಿ ಮೂವತ್ತು ವರ್ಷ ಕೆಲಸ ಮಾಡಿದೆ. ಮೊದಲು ಆಲೂರು ಕಡೆ, ಆಮೇಲೆ ಬೇಲೂರು ತಾಲ್ಲೂಕಿನ ಎರಡು ಊರು. ಮೊನ್ನೆ ಒಂದು ಮದುವೆ ಊಟದಲ್ಲಿ ಪಕ್ಕದ ಎಲೆಗೆ ಕೂತಿದ್ದ ನೆಂಟರೊಬ್ಬರು, ಅವರೂ ಮೇಷ್ಟ್ರೇ, ಸರಿಯಾಗಿ ಪಾಯಸ ಬರುವ ಹೊತ್ತಿಗೆ ಕೇಳಿದರು: "ನೀವು ಮಕ್ಕಳಿಗೆ ಕಂಪ್ಯೂಟರಲ್ಲಿ ಡ್ರಾಯಿಂಗ್ ಹೇಳಿಕೊಡ್ತಿದ್ರಂತಲ್ಲ ಮೇಡಂ, ಕೈ ಕೆಡಲ್ವಾ ಅದರಿಂದ?" ಪಾಯಸ ಬಿಟ್ಟು ಉತ್ತರ ಹೇಳುವಷ್ಟು ದೊಡ್ಡ ಮನಸ್ಸು ನನಗಿಲ್ಲ. ನಕ್ಕು ಸುಮ್ಮನಾದೆ. ಮನೆಗೆ ಬಂದ ಮೇಲೆ ಆ ಉತ್ತರ ತಲೆಯಲ್ಲೇ ಬೆಳೀತಾ ಹೋಯಿತು. ಅದನ್ನು ಇಲ್ಲಿ ಬರೆದು ಕೈ ತೊಳೆದುಕೊಳ್ಳೋಣ ಅಂತ ಕೂತಿದ್ದೇನೆ.

ಕಂಪ್ಯೂಟರಿಗಿಂತ ಮುಂಚೆ ಬಣ್ಣದ ಡಬ್ಬಿಯ ವಿಷಯ ಹೇಳಬೇಕು.

ಕೆಲಸಕ್ಕೆ ಸೇರಿದ ಹೊಸದರಲ್ಲಿ ಹಿಂದಿನ ದಿನವೇ ಹೇಳುತ್ತಿದ್ದೆ, ನಾಳೆ ಎಲ್ಲರೂ ಬಣ್ಣ ತನ್ನಿ ಅಂತ. 40 ಮಕ್ಕಳಲ್ಲಿ 12 ಜನ ತರುತ್ತಿದ್ದರು. ಉಳಿದವರು "ಮರೆತೋಯ್ತು ಮಿಸ್". ನಾನು ಬೈಯುತ್ತಿದ್ದೆ. ಒಬ್ಬಳು ಹುಡುಗಿ ಇಡೀ ವರ್ಷ ಮರೆತಳು. ಗಣಿತದ ಮಗ್ಗಿ ಮರೆಯದವಳು, ಯಾವ ಮನೆಯ ಎಮ್ಮೆ ಯಾವತ್ತು ಕರು ಹಾಕಿತು ಅಂತ ಹೇಳುವವಳು, ಬಣ್ಣದ ಡಬ್ಬಿ ಮಾತ್ರ ಪ್ರತಿ ವಾರ ಮರೀತಾಳೆ ಅಂದರೆ ಅದು ಮರೆವಲ್ಲ, ಮನೆಯಲ್ಲಿ ಡಬ್ಬಿಯೇ ಇಲ್ಲ ಅಂತ ನನಗೆ ಹೊಳೆಯೋಕೆ ಎರಡು ವರ್ಷ ಬೇಕಾಯಿತು. ನಾಚಿಕೆ ಆಯಿತು. ಆಮೇಲೆ ಒಂದಿಷ್ಟು ಡಬ್ಬಿ ನಾನೇ ತಂದಿಟ್ಟೆ. ಅದರಲ್ಲಿ ಮೊದಲು ಖಾಲಿ ಆಗೋದು ಹಸಿರು. ಎಲ್ಲರ ಚಿತ್ರದಲ್ಲೂ ಗದ್ದೆ, ತೆಂಗಿನಮರ, ಗುಡ್ಡ. ಡಬ್ಬಿ ಇದ್ದ ಹುಡುಗ ಇಲ್ಲದವನಿಗೆ ಕ್ರೇಯಾನ್ ಕೊಟ್ಟರೂ ಪಕ್ಕದಲ್ಲೇ ನಿಂತು "ಜಾಸ್ತಿ ಒತ್ತಬೇಡ, ಜಾಸ್ತಿ ಒತ್ತಬೇಡ" ಅಂತ ಕಾವಲು ಕಾಯುತ್ತಿದ್ದ.

ಕಾಗದದ ಕಥೆಯೂ ಅದೇ. ಒಂದು ಡ್ರಾಯಿಂಗ್ ಶೀಟನ್ನು ನಾಲ್ಕು ಮಾಡಿ ಕೊಟ್ಟರೆ ಮಕ್ಕಳು ಅದರ ಒಂದು ಮೂಲೆಯಲ್ಲಿ ಬೆಂಕಿಪೊಟ್ಟಣದಷ್ಟು ಮನೆ ಬರೆಯುತ್ತಿದ್ದರು. ಯಾಕೋ ಇಷ್ಟು ಚಿಕ್ಕದು ಅಂತ ಒಬ್ಬನನ್ನು ಕೇಳಿದೆ. "ಕೆಟ್ಟೋದ್ರೆ ಪಕ್ಕದಲ್ಲಿ ಇನ್ನೊಂದು ಬರೀಬಹುದಲ್ವಾ ಮಿಸ್." ಆ ಮಾತು ನನ್ನ ತಲೆಯಿಂದ ಇವತ್ತಿಗೂ ಹೋಗಿಲ್ಲ. ದೊಡ್ಡದಾಗಿ ಬರಿ, ಧೈರ್ಯವಾಗಿ ಗೆರೆ ಎಳಿ ಅಂತ ನಮ್ಮ ಚಿತ್ರಕಲಾ ಶಾಲೆಯ ಮೇಷ್ಟ್ರು ನಮಗೆ ಹೇಳುತ್ತಿದ್ದರು, ನಾನೂ ಅದನ್ನೇ ಹೇಳುತ್ತಿದ್ದೆ. ಕಾಗದ ಒಂದೇ ಇರುವವನಿಗೆ ಧೈರ್ಯ ಎಲ್ಲಿಂದ ಬರಬೇಕು.

ಇನ್ನು ಶಾಲೆಯಲ್ಲಿ ಡ್ರಾಯಿಂಗ್ ಟೀಚರಿನ ಸ್ಥಾನ ಏನು ಅಂತ ಗೊತ್ತಿರುವವರಿಗೆ ಗೊತ್ತು. ವಾರ್ಷಿಕೋತ್ಸವಕ್ಕೆ ಥರ್ಮಾಕೋಲ್ ಅಕ್ಷರ ಕತ್ತರಿಸುವವಳು, ಸರ್ಟಿಫಿಕೇಟಿನಲ್ಲಿ ಮಕ್ಕಳ ಹೆಸರು ಬರೆಯುವವಳು, ಸ್ವಾಗತದ ರಂಗೋಲಿ ಹಾಕುವವಳು. ಜನವರಿ ಬಂತೆಂದರೆ "ಮೇಡಂ, ಪೋರ್ಷನ್ ಮುಗಿದಿಲ್ಲ, ನಿಮ್ಮ ಪೀರಿಯಡ್ ಒಂದು ಕೊಡಿ" ಅಂತ ಗಣಿತದವರು, ವಿಜ್ಞಾನದವರು ಸಾಲಾಗಿ ಬರೋರು. ಕೊಡದೆ ಇರೋಕಾಗುತ್ತಾ, ಎಸ್ಸೆಸ್ಸೆಲ್ಸಿ ರಿಸಲ್ಟ್ ಅಂದರೆ ಸ್ಕೂಲಿನ ಮರ್ಯಾದೆ.

ಅಂಥವಳು ಕಂಪ್ಯೂಟರ್ ಕಡೆ ಹೋಗಿದ್ದು ಇಷ್ಟಪಟ್ಟೇನಲ್ಲ. ನಿಜ ಹೇಳಬೇಕೆಂದರೆ ನನಗೆ ಅದರ ಮೇಲೆ ಹಗೆ ಇತ್ತು. ನನ್ನ ಸೋದರಮಾವ ಹಾಸನದ ಬಿ.ಎಂ. ರೋಡಿನಲ್ಲಿ ಬೋರ್ಡ್ ಬರೆಯುತ್ತಿದ್ದರು. ಅಂಗಡಿ ಬೋರ್ಡು, ಲಾರಿ ನಂಬರು, ಗೋಡೆ ಮೇಲಿನ ಜಾಹೀರಾತು. ಸೀಮೆಸುಣ್ಣದ ಪುಡಿ ಹಚ್ಚಿದ ದಾರವನ್ನು ಎರಡು ಕಡೆ ಬಿಗಿಯಾಗಿ ಹಿಡಿದು ಮಧ್ಯೆ ಎಳೆದು ಟಪ್ ಅಂತ ಬಿಟ್ಟರೆ ಗೋಡೆ ಮೇಲೆ ನೇರ ಗೆರೆ ಬೀಳುತ್ತಿತ್ತು. ದಾರದ ಒಂದು ತುದಿ ಹಿಡಿಯೋದು ನನ್ನ ಕೆಲಸ. ನಾನು ಬ್ರಷ್ ಹಿಡಿದಿದ್ದೇ ಅವರಿಂದ. 'ಕ್ಷ' ಬರೆಯುವಾಗ ಮಾವ ಉಸಿರು ಬಿಗಿ ಹಿಡಿಯುತ್ತಿದ್ದರು, ಗೆರೆ ಮುಗಿದ ಮೇಲೇ ಬಿಡೋದು. ಫ್ಲೆಕ್ಸ್ ಬಂದ ಮೇಲೆ ಎರಡು ಮೂರು ವರ್ಷದಲ್ಲಿ ಅವರ ಕೆಲಸ ನಿಂತೇ ಹೋಯಿತು. ಬೆಳಗ್ಗೆ ಕೊಟ್ಟು ಸಂಜೆ ಬೋರ್ಡ್ ತಗೊಂಡು ಹೋಗುವಾಗ ಹದಿನೈದು ದಿನ ಯಾರು ಕಾಯ್ತಾರೆ. "ಮಿಷನ್ನಿಗೆ ಕೈ ನಡುಗಲ್ಲ ಕಣವ್ವ" ಅಂದಿದ್ದರು ಒಂದು ಸಲ, ಬೇಜಾರಿನಲ್ಲೂ ಅಲ್ಲ, ಸುಮ್ನೆ ಇರೋದನ್ನ ಹೇಳಿದ ಹಾಗೆ.

2000ದ ಆಚೆಗೆ ನಮ್ಮ ಸ್ಕೂಲಿಗೂ ಕಂಪ್ಯೂಟರ್ ಬಂದವು. ಹತ್ತು. ಅವಕ್ಕೆ ಒಂದು ರೂಮು, ರೂಮಿಗೆ ಎರಡು ಬೀಗ. ಒಳಗೆ ಹೋಗಬೇಕಾದರೆ ಚಪ್ಪಲಿ ಹೊರಗೆ ಬಿಡಬೇಕು. ಪ್ರತಿ ಮಾನಿಟರಿಗೂ ಹೂವಿನ ಬಟ್ಟೆಯಲ್ಲಿ ಹೊಲಿಸಿದ ಗೌನು. ಆಯುಧಪೂಜೆ ದಿನ ಕುಂಕುಮ ಇಟ್ಟು, ಕುಂಬಳಕಾಯಿ ಒಡೆದಾಯಿತು. ಮಕ್ಕಳು ಮುಟ್ಟೋದು ಒಂದು ಬಿಟ್ಟು ಉಳಿದ ಎಲ್ಲ ಉಪಚಾರ ನಡೀತಿತ್ತು. ಹೆಡ್ಮಾಸ್ಟರು ಕೆಟ್ಟವರೇನಲ್ಲ, ಹಾಳಾದರೆ ಉತ್ತರ ಹೇಳಬೇಕಲ್ಲ ಅಂತ ಭಯ. ಅಲ್ಲಿಗೆ ಬಂದಿದ್ದ ಇನ್‌ಸ್ಟ್ರಕ್ಟರ್ ಇಪ್ಪತ್ತೆರಡು ವರ್ಷದ ಹುಡುಗ. ಒಂದು ಮಧ್ಯಾಹ್ನ ಅವನು ಊಟದ ಡಬ್ಬಿ ಪಕ್ಕಕ್ಕಿಟ್ಟು ಕಂಪ್ಯೂಟರಲ್ಲಿ ಪೇಂಟ್ ಅನ್ನೋ ಚಿತ್ರ ಬರೆಯುವ ಪ್ರೋಗ್ರಾಮ್ ತೆಗೆದು ಏನೋ ಗೀಚುತ್ತಿದ್ದ. ಪರದೆಯ ಕೆಳಗೆ ಬಣ್ಣದ ಚೌಕಗಳು ಎರಡು ಸಾಲು. ನಾನು ಎಣಿಸಿದೆ. ಸಾಲಿಗೆ 14, ಒಟ್ಟು 28.

ಇದು ಎಲ್ಲಾ ಕಂಪ್ಯೂಟರಲ್ಲೂ ಇದೆಯಾ ಅಂತ ಕೇಳಿದೆ. ಇದೆ ಮೇಡಂ ಅಂದ. ಖಾಲಿ ಆಗಲ್ವಾ? ನನ್ನ ಮುಖ ನೋಡಿದ. ತಮಾಷೆ ಮಾಡ್ತಿದ್ದಾರೆ ಅಂದುಕೊಂಡಿರಬೇಕು.

ಹೆಡ್ಮಾಸ್ಟರನ್ನು ಒಪ್ಪಿಸೋಕೆ ಒಂದು ತಿಂಗಳು ಬೇಕಾಯಿತು. "ಡ್ರಾಯಿಂಗಿಗೆ ಕಂಪ್ಯೂಟರ್ ಯಾಕೆ ಮೇಡಂ, ಪೆನ್ಸಿಲ್ ಸಾಲದಾ?" ಕೊನೆಗೆ ಶನಿವಾರ ಬೆಳಗ್ಗೆ ಒಂದು ಪೀರಿಯಡ್ ಸಿಕ್ಕಿತು. 40 ಮಕ್ಕಳು, 10 ಕಂಪ್ಯೂಟರು, ಒಂದಕ್ಕೆ ನಾಲ್ವರು. ಒಬ್ಬರ ಕೈಯಲ್ಲಿ ಮೌಸ್, ಉಳಿದ ಮೂವರ ಬಾಯಲ್ಲಿ ಸಲಹೆ. ಒಬ್ಬ ಮೌಸನ್ನು ಮೇಜಿನಿಂದ ಎತ್ತಿ ಪರದೆಗೇ ಒತ್ತಿ ಹಿಡಿದ. ಗೆರೆ ಎಳೀರಿ ಅಂದರೆ ಎಲ್ಲರದ್ದೂ ಮಳೆಗಾಲದ ಎರೆಹುಳ. ಅದೆಲ್ಲ ಇರಲಿ. ನಾನು ಕಣ್ಣರಳಿಸಿ ನೋಡಿದ್ದು ಬೇರೆ. ಮೂಲೆಯಲ್ಲಿ ಬೆಂಕಿಪೊಟ್ಟಣದ ಮನೆ ಬರೆಯುತ್ತಿದ್ದ ಅದೇ ಮಕ್ಕಳು ಪರದೆ ತುಂಬ ಮನೆ ಬರೆದಿದ್ದರು. ಬಾಗಿಲು ಅರ್ಧ ಪರದೆ. ಯಾರೂ ದೊಡ್ಡದಾಗಿ ಬರಿ ಅಂತ ಹೇಳಿರಲಿಲ್ಲ. ಬಣ್ಣ ಮರೆತು ಬಂದವರು ಯಾರೂ ಇರಲಿಲ್ಲ.

ಆಮೇಲೆ ಶುರುವಾಯಿತು ಬಕೆಟ್ಟಿನ ಗಲಾಟೆ. ಪೇಂಟಿನಲ್ಲಿ ಬಣ್ಣದ ಬಕೆಟ್ ಒಂದಿದೆ, ಅದನ್ನು ಆರಿಸಿ ಒಂದು ಆಕಾರದ ಒಳಗೆ ಒತ್ತಿದರೆ ಅಷ್ಟು ಜಾಗಕ್ಕೂ ಬಣ್ಣ ತುಂಬುತ್ತೆ. ಆದರೆ ಆಕಾರದ ಗೆರೆಯಲ್ಲಿ ಸೂಜಿಮೊನೆಯಷ್ಟು ಸಂದು ಇದ್ದರೂ ಸಾಕು, ಬಣ್ಣ ಅಲ್ಲಿಂದ ಹೊರಗೆ ನುಗ್ಗಿ ಇಡೀ ಪರದೆ ಮುಳುಗಿಸುತ್ತೆ. ಮೊದಲ ಸಲ ಹಾಗಾದಾಗ ಹಿಂದಿನ ಸಾಲಿನಿಂದ ಒಂದು ಕೂಗು: "ಮಿಸ್, ಬಣ್ಣ ಸೋರಿತು!" ಮಲೆನಾಡಿನ ಅಂಚಿನ ಮಕ್ಕಳು, ಜೂನ್ ಜುಲೈಯಲ್ಲಿ ಮನೆಯೊಳಗೆ ಎಲ್ಲೆಲ್ಲಿ ಪಾತ್ರೆ ಇಡಬೇಕು ಅಂತ ಗೊತ್ತಿರುವವರು, ಅವರಿಗೆ ಬೇರೆ ಪದ ಹೇಗೆ ಹೊಳೆಯಬೇಕು. ಅವತ್ತಿನಿಂದ ನಮ್ಮ ಸ್ಕೂಲಿನಲ್ಲಿ ಅದು ಸೋರೋದೇ. ಸೋರಿದರೆ ತೂತು ಹುಡುಕಬೇಕು. ಪೇಂಟಿನಲ್ಲೇ ಇರುವ ಭೂತಗನ್ನಡಿ ತಗೊಂಡು 8 ಪಟ್ಟು ದೊಡ್ಡದು ಮಾಡಿ, ಗೆರೆಯ ಜಾಡು ಹಿಡಿದು ಒಂದೊಂದೇ ಚುಕ್ಕೆ ನೋಡಿಕೊಂಡು ಹೋಗೋದು. ಹೆಂಚು ಸರಿಸಿ ನೋಡಿದ ಹಾಗೆ. ಹೆಣ್ಣುಮಕ್ಕಳು ಬೇಗ ಹಿಡಿಯುತ್ತಿದ್ದರು. ಎಳೆ ರಂಗೋಲಿ ಹಾಕಿ ಗೊತ್ತಿತ್ತಲ್ಲ, ಎಳೆ ಹೊರಟಲ್ಲಿಗೇ ಬಂದು ಕೂಡಿಕೊಳ್ಳಬೇಕು ಅನ್ನೋದು ಅವರ ಬೆರಳಿಗೇ ಗೊತ್ತಿತ್ತು. ಗೆರೆ ಮುಚ್ಚಬೇಕು ಅಂತ ಹತ್ತು ವರ್ಷ ಬೋರ್ಡಿನ ಮೇಲೆ ಹೇಳಿದ್ದನ್ನು ಆ ಬಕೆಟ್ ಹತ್ತು ನಿಮಿಷದಲ್ಲಿ ಕಲಿಸಿತು. ಸ್ವಲ್ಪ ಹೊಟ್ಟೆಕಿಚ್ಚೂ ಆಯಿತು.

ಇನ್ನೊಂದು ವಿಷಯ ಅನ್‌ಡೂ. ಈಗಿನವರಿಗೆ ನಂಬೋಕೆ ಕಷ್ಟ, ಆಗಿನ ವಿಂಡೋಸ್ ಎಕ್ಸ್‌ಪಿಯ ಪೇಂಟಿನಲ್ಲಿ ಹಿಂದಕ್ಕೆ ಹೋಗೋಕೆ ಬಿಡುತ್ತಿದ್ದಿದ್ದು ಮೂರೇ ಹೆಜ್ಜೆ. ಕಂಟ್ರೋಲ್ ಝಡ್ ಮೂರು ಸಲ ಒತ್ತಿದರೆ ಮುಗೀತು, ನಾಲ್ಕನೇ ತಪ್ಪಿಗೆ ಮಾಫಿ ಇಲ್ಲ. ಮಕ್ಕಳು ಅದನ್ನು ಆಟದ ಹಾಗೆ ಲೆಕ್ಕ ಇಡುತ್ತಿದ್ದರು, "ಎರಡು ಲೈಫ್ ಹೋಯ್ತು ಕಣೋ, ಒಂದೇ ಇರೋದು". ವಿಂಡೋಸ್ 7 ಬಂದಾಗ ಅದು 50 ಆಯಿತು. ಒಳ್ಳೇದಾಯಿತು ಅಂತ ಎಲ್ಲರೂ ಅಂದರು. ನನ್ನ ಅಭಿಪ್ರಾಯ ಕೇಳಿದರೆ ಮೂರೇ ಚೆನ್ನಾಗಿತ್ತು. ಹೆದರಿಕೆ ಹೋಗೋಕೆ ಮೂರು ಸಾಕು. 50 ಕೊಟ್ಟರೆ ಯೋಚನೆ ಮಾಡೋದೇ ಬಿಟ್ಟುಬಿಡ್ತಾರೆ, ಎಳೆ, ಅಳಿಸು, ಎಳೆ, ಅಳಿಸು. ಒಂದು ವರ್ಷ ಹಳೇಬೀಡಿಗೆ ಕರೆದುಕೊಂಡು ಹೋಗಿದ್ದಾಗ ಒಬ್ಬ ಹುಡುಗ ಕೇಳಿದ, "ಮಿಸ್, ಇವರು ತಪ್ಪು ಮಾಡಿದ್ರೆ ಏನ್ಮಾಡ್ತಿದ್ರು?" ನಮ್ಮ ಕಡೆಯ ಹೊಯ್ಸಳ ದೇವಸ್ಥಾನಗಳದ್ದು ಬಳಪದ ಕಲ್ಲು, ಗಣಿಯಿಂದ ತೆಗೆದ ಹೊಸದರಲ್ಲಿ ಮೆತ್ತಗಿರುತ್ತೆ, ಗಾಳಿಗೆ ಬಿದ್ದ ಮೇಲೆ ಗಟ್ಟಿ ಆಗುತ್ತೆ. ಮೆತ್ತಗಿದ್ದರೂ ಒಡೆದ ಚೂರನ್ನು ವಾಪಸ್ ಅಂಟಿಸೋಕಾಗಲ್ಲ. ಕೆತ್ತನೆ ಅರ್ಧಕ್ಕೆ ನಿಂತ ಜಾಗಗಳು ಹಳೇಬೀಡಿನಲ್ಲಿವೆ, ಬರೀ ಒರಟು ಉಬ್ಬು, ಆಚೆ ಪಕ್ಕದಲ್ಲಿ ಪೂರ್ತಿ ಆದದ್ದು. ಅದನ್ನು ತೋರಿಸಿದೆ. ಅವನು ಆ ಒರಟು ಕಲ್ಲಿನ ಮುಂದೆ ಕೂತು ಅದನ್ನೇ ಬರೆದ. ಉಳಿದ ಎಲ್ಲರೂ ನಂದಿ ಬರೆದರು.

ದೊಡ್ಡ ಅನಾಹುತ ಆಗಿದ್ದು ಮೊದಲ ವರ್ಷವೇ. ಎರಡು ತಿಂಗಳು ಕಲಿಸಿ, ಮಕ್ಕಳ ದಿನಾಚರಣೆಗೆ ಪ್ರತಿಯೊಬ್ಬರೂ ಒಂದೊಂದು ಚಿತ್ರ ಮಾಡಿ ಸೇವ್ ಮಾಡಿ ಅಂದಿದ್ದೆ. ಮಾಡಿದರು. ಹೆಸರು ಕೊಡಿ ಅಂತ ನಾನು ಹೇಳಿರಲಿಲ್ಲ. ಕಂಪ್ಯೂಟರ್ ತಾನೇ ಅನ್‌ಟೈಟಲ್ಡ್ ಅಂತ ಹೆಸರಿಟ್ಟು ಕಾದಿತ್ತು. ಎರಡನೆಯವನು ಸೇವ್ ಮಾಡಿದಾಗ ಇದೇ ಹೆಸರಿನದ್ದು ಆಗಲೇ ಇದೆ, ಅದರ ಮೇಲೇ ಬರೆಯಲಾ ಅಂತ ಇಂಗ್ಲಿಷಿನಲ್ಲಿ ಕೇಳಿತು. ಸರ್ಕಾರಿ ಶಾಲೆಯ ಎಂಟನೇ ಕ್ಲಾಸಿನ ಮಕ್ಕಳು, ಯಾರಾದರೂ ಇಂಗ್ಲಿಷಿನಲ್ಲಿ ಕೇಳಿದರೆ ಯೆಸ್ ಅನ್ನೋದು ಅಂತ ಅಷ್ಟೇ ಗೊತ್ತು. ಒತ್ತಿದರು. 40 ಚಿತ್ರ ಇದ್ದ ಕಡೆ 10 ಉಳಿದವು. ಒಂದು ಚಿತ್ರ ಹತ್ತಿರ ಹತ್ತಿರ 1 ಎಂಬಿ, ಫ್ಲಾಪಿ ಹಿಡಿಯೋದು 1.44. ಹಾಗಾಗಿ ನಮ್ಮ ಇನ್‌ಸ್ಟ್ರಕ್ಟರ್ ಒಂದೊಂದಾಗಿ ಫ್ಲಾಪಿಯಲ್ಲಿ ತಂದು ಆಫೀಸಿನ ಕಂಪ್ಯೂಟರಿಗೆ ಹಾಕಿದ, ಮಾತಾಡಿಕೊಂಡು, ಟೀ ಕುಡಿದುಕೊಂಡು, ಅವನೂ ಯೆಸ್, ಯೆಸ್. ಕೊನೆಗೆ ಉಳಿದಿದ್ದು ಒಂದೇ ಒಂದು. ಒಂದು ಹೆಂಚಿನ ಮನೆ, ಪಕ್ಕದಲ್ಲಿ ತೆಂಗಿನಮರ, ಆಕಾಶವೆಲ್ಲ ಕೆಂಪು. ಯಾರದ್ದು ಅಂತ ಆ ಗಲಾಟೆಯಲ್ಲಿ ಕೇಳೋಕೂ ಆಗಲಿಲ್ಲ, ಅರ್ಧ ಜನ ಅಳುತ್ತಿದ್ದರು. ಸೂರ್ಯ ಮುಳುಗುವ ಹೊತ್ತನ್ನು ಎಷ್ಟು ಚೆನ್ನಾಗಿ ತಂದಿದ್ದಾರೆ ನೋಡಿ ಅಂತ ಅದೊಂದನ್ನೇ ಪ್ರಿಂಟ್ ತೆಗೆಸಿ ನೋಟಿಸ್ ಬೋರ್ಡಿಗೆ ಅಂಟಿಸಿದೆ.

ಮುಂದಿನ ಶನಿವಾರ ಪೇಂಟ್ ತೆಗೆಯುವ ಮುಂಚೆ ದಾಸೋಜನ ಕಥೆ ಹೇಳಿದೆ. ಬೇಲೂರಿನ ಚೆನ್ನಕೇಶವ ದೇವಸ್ಥಾನ 1117ರದ್ದು. ಅಲ್ಲಿ ಕೆಲಸ ಮಾಡಿದ ಶಿಲ್ಪಿಗಳಲ್ಲಿ ಹಲವರು ತಮ್ಮ ವಿಗ್ರಹದ ಕೆಳಗೆ ಹೆಸರು ಕೆತ್ತಿದ್ದಾರೆ. ಬಳ್ಳಿಗಾವಿಯ ದಾಸೋಜ, ಅವನ ಮಗ ಚಾವಣ. ಹೆಸರು ಅಷ್ಟೇ ಅಲ್ಲ, ಊರು, ಬಿರುದು ಎಲ್ಲಾ. ಆಗಿನ ಕಾಲಕ್ಕೇ ಅವರು ಹೆಸರು ಹಾಕಿ ಸೇವ್ ಮಾಡಿದ್ದರಿಂದ ನಮಗೆ ಇವತ್ತು ಗೊತ್ತು, ನೀವು ಯಾಕೆ ಅನ್‌ಟೈಟಲ್ಡ್ ಆಗ್ತೀರಿ ಅಂದೆ. ಅವತ್ತಿನಿಂದ ಹೆಸರುಗಳ ಸುರಿಮಳೆ. ಒಬ್ಬ ತನ್ನ ಹೆಸರು, ಅಪ್ಪನ ಹೆಸರು, ಊರು, ತಾಲ್ಲೂಕು, ಪಿನ್‌ಕೋಡ್ ಸಮೇತ ಫೈಲಿಗೆ ಇಟ್ಟ.

ಉಬುಂಟು ಅನ್ನೋ, ವಿಂಡೋಸ್ ಥರದ್ದೇ ಪುಕ್ಕಟೆ ಸಿಸ್ಟಮ್ ಬಂದ ಮೇಲೆ ಟಕ್ಸ್ ಪೇಂಟ್, ಇಂಕ್‌ಸ್ಕೇಪ್ ಅನ್ನೋ ಚಿತ್ರದ ಪ್ರೋಗ್ರಾಮುಗಳೆಲ್ಲಾ ಪುಕ್ಕಟೆ ಸಿಕ್ಕವು. ಟಕ್ಸ್ ಪೇಂಟಿನ ಮುದ್ರೆಗಳು ನನಗೆ ಆಗಿಬರಲ್ಲ. ಪೆಂಗ್ವಿನ್, ಹೂವು, ಹಣ್ಣು ಎಲ್ಲಾ ರೆಡಿ ಇರುತ್ತೆ, ಒತ್ತಿದರೆ ಬೀಳುತ್ತೆ. ಮಕ್ಕಳು ಪರದೆ ತುಂಬ ಪೆಂಗ್ವಿನ್ ಒತ್ತಿ ಚಿತ್ರ ಆಯ್ತು ಮಿಸ್ ಅನ್ನೋರು. ಇಂಕ್‌ಸ್ಕೇಪ್ ಮಾತ್ರ ಚಿನ್ನ. ಪೇಂಟಿನ ಚಿತ್ರ ಅಂದರೆ ರಾಗಿಕಾಳು ಹರಡಿ ಮಾಡಿದ ಹಾಗೆ, ಹತ್ತಿರ ಹೋದರೆ ಕಾಳು ಕಾಣುತ್ತೆ. ಇಂಕ್‌ಸ್ಕೇಪಿನದು ನಮ್ಮ ಮಾವನ ದಾರ, ಎಷ್ಟು ಎಳೆದು ದೊಡ್ಡದು ಮಾಡಿದರೂ ಗೆರೆ ಗೆರೆಯೇ. ಪಿಕ್ಸೆಲ್ಲು, ವೆಕ್ಟರು ಅಂತ ಆಮೇಲೆ ಹೇಳಿಕೊಟ್ಟೆ, ಮೊದಲು ರಾಗಿ ಮತ್ತು ದಾರ.

ಅದರಲ್ಲಿ ಒಂದು ದಿನ ಹೀಗೆ ಮಾಡಿದೆವು. ಒಂದು ಚೌಕ ಬರೆಯಿರಿ. ಅದರ ನಕಲು ಮಾಡಿ ಅದರ ಮೇಲೇ ಇಡಿ, ನಡುಬಿಂದುವಿನ ಸುತ್ತ ಸ್ವಲ್ಪ ತಿರುಗಿಸಿ. ಇನ್ನೊಂದು ನಕಲು, ಇನ್ನಷ್ಟು ತಿರುಗಿಸಿ. ಇನ್ನೊಂದು. ನಾಲ್ಕು ಚೌಕ, ಹದಿನಾರು ಮೂಲೆ. ಎಷ್ಟೆಷ್ಟು ಡಿಗ್ರಿ ತಿರುಗಿಸಿದರೆ ಮೂಲೆಗಳು ಸಮನಾಗಿ ಹಂಚಿಕೊಳ್ಳುತ್ತವೆ ಅಂತ ಕೇಳಿದೆ. ಒಬ್ಬ 20 ಅಂದ, ಹಾಕಿ ನೋಡಿದ, ಸೊಟ್ಟ. 25, ಅದೂ ಸೊಟ್ಟ. ಹಿಂದಿನಿಂದ ಒಬ್ಬಳು 90ನ್ನು 4ರಿಂದ ಭಾಗಿಸಿ 22.5 ಅಂದಳು. ಹಾಕಿದರು. ಹೊರಗಿನ ಗೆರೆ ಮಾತ್ರ ಉಳಿಸಿಕೊಂಡು ಒಳಗಿನದನ್ನು ತೆಗೆದರು. ಪರದೆ ಮೇಲೆ ನಿಂತಿದ್ದು ಅವರು ಬಸ್ಸಿನಲ್ಲಿ ಹೋಗುವಾಗೆಲ್ಲ ನೋಡಿದ್ದ ನಕ್ಷತ್ರ, ಹೊಯ್ಸಳ ದೇವಸ್ಥಾನದ ತಳ. ಚೌಕವನ್ನು ನಡುಬಿಂದುವಿನ ಸುತ್ತ ತಿರುಗಿಸುತ್ತಾ ಹೋದರೆ ಸಿಗುವ ಆಕಾರವೇ ಅದು. ಕ್ಲಾಸಿನಲ್ಲಿ ಒಂದು ಕ್ಷಣ ಯಾರೂ ಮಾತಾಡಲಿಲ್ಲ. ಬಾಗಿಲಲ್ಲಿ ಗಣಿತದ ಮೇಷ್ಟ್ರು ನಿಂತಿದ್ದರು, ಮಾಮೂಲಿನ ಹಾಗೆ ಪೀರಿಯಡ್ ಕೇಳೋಕೆ ಬಂದವರು. ಕೇಳಲಿಲ್ಲ. ಮುಂದಿನ ವಾರ ಅವರೇ ಬಂದು, "ಮೇಡಂ, ನನ್ನ ಪೀರಿಯಡ್ ಒಂದು ತಗೊಳ್ಳಿ, ಅದೇ ನಕ್ಷತ್ರ ಒಂಬತ್ತನೇ ಕ್ಲಾಸಿಗೂ ಮಾಡಿಸಿ" ಅಂದರು. ಮೂವತ್ತು ವರ್ಷದಲ್ಲಿ ಒಂದೇ ಒಂದು ಸಲ ಆಗಿದ್ದು ಇದು. ಕ್ಯಾಲೆಂಡರಿನಲ್ಲಿ ಗುರುತು ಹಾಕಿಟ್ಟಿದ್ದೆ.

ಬಣ್ಣದ ಪಾಠದಲ್ಲೂ ಒಂದು ಮಜಾ ಇದೆ. ನೀಲಿಗೆ ಹಳದಿ ಸೇರಿಸಿದರೆ ಹಸಿರು ಅಂತ ಕಾಗದದ ಮೇಲೆ ಕಲಿಸಿರುತ್ತೀವಿ. ಕಂಪ್ಯೂಟರಲ್ಲಿ ಕೆಂಪು 255, ಹಸಿರು 255, ನೀಲಿ ಸೊನ್ನೆ ಹಾಕಿದರೆ ಹಳದಿ ಬರುತ್ತೆ. ಮಕ್ಕಳು ನಂಬಲ್ಲ, ಕಂಪ್ಯೂಟರ್ ಕೆಟ್ಟಿದೆ ಅನ್ನೋರು. ಇಲ್ಲಿ ಕಲೆಯೋದು ಬಣ್ಣದ ಪುಡಿ ಅಲ್ಲ, ಬೆಳಕು ಅಂತ ಬಾಯಲ್ಲಿ ಹೇಳಿದರೆ ತಲೆಗೆ ಹೋಗಲ್ಲ. ಸ್ಮಾರ್ಟ್‌ಫೋನ್ ಬಂದ ಮೇಲೆ ಸುಲಭ ಆಯಿತು. ಫೋನಿನಲ್ಲಿ ಪೂರ್ತಿ ಬಿಳಿ ಪರದೆ ಇಟ್ಟು, ಬೆರಳ ತುದಿಯಿಂದ ಸಾಸಿವೆಯಷ್ಟು ನೀರು ಹಾಕಿ. ಆ ಹನಿ ಭೂತಗನ್ನಡಿ ಆಗುತ್ತೆ, ಅದರೊಳಗೆ ಬಿಳಿ ಇರೋದೇ ಇಲ್ಲ, ಬರೀ ಕೆಂಪು, ಹಸಿರು, ನೀಲಿ ಚುಕ್ಕೆಗಳು. ನೀವೂ ಮಾಡಿ ನೋಡಿ, ಜಾಸ್ತಿ ನೀರು ಹಾಕಬೇಡಿ ಅಷ್ಟೇ. ಇದನ್ನು ತೋರಿಸಿದ ದಿನ ಮಕ್ಕಳು ಸ್ಟಾಫ್‌ರೂಮಿನ ಎಲ್ಲರ ಫೋನಿಗೂ ನೀರು ಹಾಕಿ ಬಂದಿದ್ದರು. ನನಗೆ ಬೈಗುಳ.

ಮಣ್ಣಿನ ಬೊಂಬೆ ಇಟ್ಟು ಫೋಟೋ ಮೇಲೆ ಫೋಟೋ ತೆಗೆದು ಸಿನಿಮಾ ಮಾಡೋದೂ ಕಲಿಸಿದೆ. ಸೆಕೆಂಡಿಗೆ 12 ಫೋಟೋ, ಹತ್ತು ಸೆಕೆಂಡಿಗೆ 120. ಒಂದು ಸಲ ಮಣ್ಣಿನ ಬದಲು ಆಲೂಗಡ್ಡೆಯನ್ನೇ ಹೀರೋ ಮಾಡಿದರು, ಹಾಸನ ಅಲ್ವಾ, ಮನೆಮನೆಯಲ್ಲೂ ಇದ್ದ ಕಾಲ. ಮುಖ ಬರೆದು, ಕಡ್ಡಿ ಕಾಲು ಸಿಕ್ಕಿಸಿ, ಸ್ಟೂಲಿಗೆ ಫೋನ್ ಕಟ್ಟಿ 70 ಫೋಟೋ ತೆಗೆಯುವಷ್ಟರಲ್ಲಿ ಊಟದ ಬೆಲ್ ಆಯಿತು. ತಟ್ಟೆ ತೊಳೆದು ವಾಪಸ್ ಬಂದು ನೋಡಿದರೆ ಹೀರೋ ಇಲ್ಲ. ಅಡುಗೆ ಅಕ್ಕ ಉಳಿದ ಆಲೂಗಡ್ಡೆ ಜೊತೆ ಅದನ್ನೂ ಒಳಗೆ ತೆಗೆದಿಟ್ಟುಬಿಟ್ಟಿದ್ದರು, ಮಾರನೇ ದಿನ ಸಾಂಬಾರು. ಸಿನಿಮಾದಲ್ಲಿ ಮಧ್ಯದಿಂದ ಹೀರೋನ ಮುಖ ಬೇರೆ.

ಕೊರೊನಾ ಬಗ್ಗೆ ಜಾಸ್ತಿ ಬರೆಯಲ್ಲ, ಎಲ್ಲರೂ ಬರೆದಿದ್ದಾರೆ. 2020ರಲ್ಲಿ ವಿದ್ಯಾಗಮ ಅಂತ ಊರೂರಿಗೆ ಹೋಗಿ ಜಗಲಿ ಮೇಲೆ ಪಾಠ ಮಾಡಿದ್ದು ಬಿಟ್ಟರೆ, ಉಳಿದದ್ದೆಲ್ಲ ವಾಟ್ಸಾಪು. ಅಪ್ಪ ತೋಟದ ಕೆಲಸ ಮುಗಿಸಿ ಫೋನ್ ತಂದ ಮೇಲೆ ರಾತ್ರಿ ಎಂಟಕ್ಕೆ ಚಿತ್ರ ಬರೋದು, ಬಲ್ಬಿನ ಹಳದಿ ಬೆಳಕಿನಲ್ಲಿ ತೆಗೆದ ಫೋಟೋ, ಮೇಲೆ ಫೋನಿನದೇ ನೆರಳು. ನೀಲಿ ಆಕಾಶ ಮಣ್ಣಿನ ಬಣ್ಣ. ಆ ವರ್ಷ ನಾನು ಕಲಿಸಿದ್ದು ಒಂದೇ: ಚಿತ್ರವನ್ನು ಬೆಳಗ್ಗೆ ಕಿಟಕಿ ಪಕ್ಕ ಇಡಿ, ಬಿಸಿಲು ಬೀಳಬಾರದು, ಫೋನನ್ನು ಓರೆ ಹಿಡಿಯಬೇಡಿ. ಆ ಕಡೆ ಗುಡ್ಡದ ಮೇಲೆ ಹತ್ತಿದರೆ ಮಾತ್ರ ಸಿಗ್ನಲ್ಲು. ಚಿತ್ರಕಲೆಗೆ ಗುಡ್ಡ ಹತ್ತಿದ ಮಕ್ಕಳು ಬೇರೆ ಯಾರ ಕ್ಲಾಸಿನಲ್ಲಿದ್ದರು ಹೇಳಿ.

ಈಗ ನೆಂಟರ ಪ್ರಶ್ನೆಗೆ ಬರುತ್ತೇನೆ. ಕೈ ಕೆಡುತ್ತಾ? ಒಂದು ಬ್ಯಾಚಿನದು ಕೆಡ್ತು. ತಪ್ಪು ನನ್ನದೇ. ಪ್ರೊಜೆಕ್ಟರ್ ಬಂದ ಹುರುಪಿನಲ್ಲಿ ಎರಡು ವರ್ಷ ಪೆನ್ಸಿಲ್ ಪಕ್ಕಕ್ಕಿಟ್ಟು ಎಲ್ಲಾ ಪರದೆಯಲ್ಲೇ ಮಾಡಿಸಿದೆ. ಆ ಮಕ್ಕಳು ಡ್ರಾಯಿಂಗಿನ ಲೋಯರ್ ಗ್ರೇಡ್ ಪರೀಕ್ಷೆಗೆ ಕೂತಾಗ ಮುಂದೆ ಇಟ್ಟಿದ್ದ ಬಿಂದಿಗೆಯ ಒಂದು ಪಕ್ಕ ಬರೆದು ಇನ್ನೊಂದು ಪಕ್ಕಕ್ಕೆ ಬಂದಾಗ ಕೈ ನಿಂತುಹೋಯಿತು. ಪರದೆಯಲ್ಲಾದರೆ ಅರ್ಧ ಬರೆದು ನಕಲು ಮಾಡಿ ಮಗುಚಿ ಹಾಕಿದರೆ ಆಯ್ತಲ್ಲ. ಬಿಂದಿಗೆಗಳೆಲ್ಲ ಒಂದು ಕಡೆ ನುಗ್ಗಾಗಿದ್ದವು. ಪರೀಕ್ಷೆ ಮುಗಿಸಿ ಬಂದ ಹುಡುಗಿ "ಮಗುಚೋಕೆ ಆಗಲಿಲ್ಲ ಮಿಸ್" ಅಂದಾಗ ನಗು ಬಂತು, ಹೊಟ್ಟೆಯಲ್ಲಿ ಕಲಸಿದ ಹಾಗೂ ಆಯಿತು. ಅವತ್ತಿನಿಂದ ನನ್ನ ಕ್ಲಾಸಿನಲ್ಲಿ ಒಂದು ಕಟ್ಟಳೆ. ಮೊದಲು ನೋಟ್‌ಬುಕ್ಕಿನಲ್ಲಿ ಕೈಯಲ್ಲಿ ಬರೀಬೇಕು, ಅದರ ಫೋಟೋ ತೆಗೆದು ಆಮೇಲೆ ಕಂಪ್ಯೂಟರಿಗೆ. ಹಳೇ ಪರೀಕ್ಷೆಯ ಉತ್ತರಪತ್ರಿಕೆ ಹಿಂಬದಿ, ಕ್ಯಾಲೆಂಡರ್ ಹಿಂಬದಿ, ಯಾವುದಾದರೂ ಸರಿ. ಬಣ್ಣ ಹಾಕೋದು ಪರದೆಯಲ್ಲಿ, ಹಾಗಾಗಿ ಡಬ್ಬಿ ಇಲ್ಲ ಅನ್ನೋ ಚಿಂತೆಯೂ ಇಲ್ಲ.

ಈಚೆಗಂತೂ ಚಿತ್ರ ಬರೆಯೋದೂ ಬೇಡ, ಬಾಯಲ್ಲಿ ಹೇಳಿದರೆ ಎಐ ಬರೆದುಕೊಡುತ್ತೆ. 2023ರಲ್ಲಿ ಬೇಲೂರು, ಹಳೇಬೀಡು, ಸೋಮನಾಥಪುರ ಯುನೆಸ್ಕೊ ಪಟ್ಟಿಗೆ ಸೇರಿದವಲ್ಲ, ಅದಾದ ಮೇಲೆ ಗೋಡೆ ಪತ್ರಿಕೆಗೆ ಅಂತ ಒಬ್ಬಳು ಫೋನಿನಿಂದ ದರ್ಪಣ ಸುಂದರಿಯನ್ನು ಮಾಡಿಸಿಕೊಂಡು ಬಂದಳು. ಮಿರಮಿರ ಮಿಂಚುವ ಸುಂದರಿ, ಕನ್ನಡಿ ಹಿಡಿದ ಕೈಯಲ್ಲಿ ಆರು ಬೆರಳು. ನಾನು ಬೈಯಲಿಲ್ಲ. ಇದನ್ನು ಪ್ರಿಂಟ್ ತಗೊಂಡು ಬೇಲೂರಿಗೆ ಹೋಗಿ ನಿಜವಾದವಳ ಮುಂದೆ ನಿಂತು ಏನೇನು ವ್ಯತ್ಯಾಸ ಇದೆ ಬರ್ಕೊಂಡು ಬಾ ಅಂದೆ. ಬಸ್ಸಿಗೆ ಅರ್ಧ ಗಂಟೆ. ಸೋಮವಾರ ಎರಡು ಪುಟ ಬರೆದುಕೊಂಡು ಬಂದಳು. ಫೋನಿನ ಸುಂದರಿಗೆ ತಲೆಯ ಮೇಲೆ ಬಳ್ಳಿ ಎಲೆಗಳ ಕಮಾನು ಇಲ್ಲ, ಕಾಲ ಬಳಿ ನಿಂತ ಪುಟ್ಟ ಸಖಿಯರು ಇಲ್ಲ, ನಿಂತ ಬಾಗು ಇಲ್ಲ. ಕೊನೆಯಲ್ಲಿ ಬರೆದಿದ್ದಳು, "ಇವಳು ಕನ್ನಡಿ ನೋಡ್ತಿಲ್ಲ ಮಿಸ್, ನಮ್ಮನ್ನ ನೋಡ್ತಿದಾಳೆ." ನಲವತ್ತು ಸಲ ಬೇಲೂರಿಗೆ ಹೋಗಿದ್ದರೂ ಅದನ್ನು ನಾನು ಹಾಗೆ ಗಮನಿಸಿರಲಿಲ್ಲ.

ಇಷ್ಟು ಬರೆದು ಮುಗಿಸೋಣ ಅಂತಿದ್ದೆ. ಹಳೇ ಸಿಡಿಗಳನ್ನು ಹುಡುಕುವಾಗ ಆ ಕೆಂಪು ಆಕಾಶದ ಚಿತ್ರ ಸಿಕ್ಕಿತು, ಅನ್‌ಟೈಟಲ್ಡ್. ಆ ಬ್ಯಾಚಿನವರದ್ದೊಂದು ವಾಟ್ಸಾಪ್ ಗ್ರೂಪಿದೆ, ನನ್ನನ್ನೂ ಸೇರಿಸಿದ್ದಾರೆ. ಒಬ್ಬ ಹಾಸನದಲ್ಲಿ ಫ್ಲೆಕ್ಸ್ ಅಂಗಡಿ ಇಟ್ಟಿದ್ದಾನೆ, ಇಬ್ಬರು ಬೆಂಗಳೂರಿನಲ್ಲಿದ್ದಾರೆ, ಜಾಸ್ತಿ ಜನ ತೋಟ, ಗದ್ದೆ, ಗಾರ್ಮೆಂಟ್ಸು. ಸುಮ್ನೆ ಹಾಕಿದೆ, ಇದು ಯಾರದ್ದು ಅಂತ. ಅರ್ಧ ಗಂಟೆಯಲ್ಲಿ ಏಳು ಜನ ಅದು ನಂದೇ ಅಂದರು. ಫ್ಲೆಕ್ಸ್ ಅಂಗಡಿಯವನು ಆಣೆ ಇಟ್ಟ. ರಾತ್ರಿ ಹತ್ತರ ಮೇಲೆ ಒಬ್ಬಳು, ಗ್ರೂಪಿನಲ್ಲಿ ಯಾವತ್ತೂ ಮಾತಾಡದವಳು, ನನಗೆ ಬೇರೆಯಾಗಿ ಬರೆದಳು. ಇಡೀ ವರ್ಷ ಬಣ್ಣದ ಡಬ್ಬಿ ಮರೆತವಳ ತಂಗಿ.

"ಸಂಜೆ ಅಲ್ಲ ಮಿಸ್ ಅದು. ಹೆಂಚಿಗೆ ಬಣ್ಣ ಹಾಕೋಕೆ ಹೋದೆ, ಸೋರಿತು. ಮೂರು ಸಲದ್ದೂ ಮುಗಿದಿತ್ತು, ಬೆಲ್ ಹೊಡೀತು. ಎಡಗಡೆ ಮಾಡಿನ ತುದೀಲಿ ನೋಡಿ."

ಕನ್ನಡಕ ಹಾಕಿಕೊಂಡು 8 ಪಟ್ಟು ದೊಡ್ಡದು ಮಾಡಿ ಎಡಗಡೆ ಮಾಡಿನ ತುದಿಗೆ ಹೋದೆ. ಒಂದೇ ಒಂದು ಚುಕ್ಕೆಯಷ್ಟು ಜಾಗ ಬಿಟ್ಟಿದೆ.